ಗಾಳಿ, ಬಿಸಿಲು, ಎರೆಮಣ್ಣು: ಬಯಲುಸೀಮೆಯ ಅಂಗಳಕ್ಕೆ ಯಾವ ಗುಲಾಬಿ?

ನಮ್ಮ ಕಡೆ ಗುಲಾಬಿ ಸಸಿ ಕೊಳ್ಳುವವರು ಹೆಚ್ಚಾಗಿ ಡಿಸೆಂಬರ್ ಅಥವಾ ಜನವರಿಯಲ್ಲಿ ನರ್ಸರಿಗೆ ಹೋಗುತ್ತಾರೆ. ರಾತ್ರಿಯ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿದು, ಹಗಲಿನ ಬಿಸಿಲು ಹಿತವಾಗಿರುವ ಆ ಎರಡು ತಿಂಗಳಲ್ಲಿ ಹುಬ್ಬಳ್ಳಿಯಲ್ಲಾಗಲಿ, ಗದಗಿನಲ್ಲಾಗಲಿ, ಹಾವೇರಿಯಲ್ಲಾಗಲಿ ಅರಳದ ಗುಲಾಬಿಯೇ ಇರುವುದಿಲ್ಲ. ಎಲ್ಲ ತಳಿಗಳೂ ಚೆನ್ನಾಗಿ ಕಾಣುವ ಹೊತ್ತಿನಲ್ಲಿ ಹೂವಿನ ಗಾತ್ರವನ್ನೂ ಬಣ್ಣವನ್ನೂ ನೋಡಿ ಮಾಡಿದ ಆಯ್ಕೆ ಮುಂದಿನ ಮೇ ತಿಂಗಳಲ್ಲಿ ಅರ್ಧ ಸೋಲುತ್ತದೆ, ಆಷಾಢದ ಗಾಳಿಯಲ್ಲಿ ಪೂರ್ತಿ ಸೋಲುತ್ತದೆ. ಏಪ್ರಿಲ್‌–ಮೇ ತಿಂಗಳ ಒಣ ಬಿಸಿಲು, ಜೂನ್‌ನಿಂದ ಆಗಸ್ಟ್‌ವರೆಗಿನ ಪಡುವಣ ಗಾಳಿ, ಅದರ ಜೊತೆಗೇ ಬರುವ ಜಿಟಿಜಿಟಿ ಮಳೆ, ಇವುಗಳಲ್ಲಿ ನಿಮ್ಮ ಅಂಗಳಕ್ಕೆ ಯಾವುದು ಹೆಚ್ಚು ಬಡಿಯುತ್ತದೆ ಎಂಬುದನ್ನು ಮೊದಲು ಗುರುತಿಸಿ, ಆ ಕೆಟ್ಟ ಕಾಲವನ್ನು ತಾಳುವ ಗಿಡವನ್ನು ಆರಿಸಬೇಕು. ಚಳಿಗಾಲದ ಹೂವು ಹೇಗಿದ್ದರೂ ಸಿಗುತ್ತದೆ. ಮುಂದಿನ ಹೋಲಿಕೆಯನ್ನೆಲ್ಲ ಈ ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ.

ಮೊದಲು ಅಂಗಳ, ಆಮೇಲೆ ತಳಿ

ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಗಳು ನಕಾಶೆಯಲ್ಲಿ ಒತ್ತೊತ್ತಾಗಿದ್ದರೂ ಗುಲಾಬಿಯ ಮಟ್ಟಿಗೆ ಒಂದೇ ಪ್ರದೇಶವಲ್ಲ. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರದ, ದಕ್ಷಿಣಕ್ಕೆ ಕಲಘಟಗಿಯ ಕಡೆಗೆ, ಹಾಗೆಯೇ ಹಾವೇರಿ ಜಿಲ್ಲೆಯ ಹಾನಗಲ್ಲಿನ ಕಡೆಗೆ ಹೋದಂತೆ ಮಲೆನಾಡಿನ ಸೆರಗು ಸಿಗುತ್ತದೆ. ಅಲ್ಲಿ ಬಹಳಷ್ಟು ಕಡೆ ಮಸಾರಿ, ಅಂದರೆ ಕೆಂಪು ಮಣ್ಣು. ನೀರು ಬೇಗ ಬಸಿಯುತ್ತದೆ, ಬೇಸಿಗೆಯೂ ಗದಗಿನಷ್ಟು ಉಗ್ರವಲ್ಲ. ಆದರೆ ಜುಲೈ ತಿಂಗಳಲ್ಲಿ ಎಲೆಗಳು ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತವೆ. ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಲೆಯ ಮೇಲೆ ಸುಮಾರು ಏಳು ಗಂಟೆಗಳ ಕಾಲ ತೇವ ನಿಂತರೆ ಸಾಕು, ಒಳಹೊಕ್ಕುಬಿಡುತ್ತದೆ. ಧಾರವಾಡದ ಮಳೆಗಾಲದ 21ರಿಂದ 26 ಡಿಗ್ರಿ ಉಷ್ಣಾಂಶವೂ ಅದಕ್ಕೆ ಹೇಳಿ ಮಾಡಿಸಿದಂತಿದೆ. ಆದ್ದರಿಂದ ಆ ಭಾಗದವರು ಆಯ್ಕೆಯಲ್ಲಿ ರೋಗನಿರೋಧಕ ಶಕ್ತಿಗೆ ಮೊದಲ ಸ್ಥಾನ ಕೊಡಬೇಕು.

ನವಲಗುಂದ, ನರಗುಂದ, ರೋಣ, ಗದಗಗಳ ಎರೆನಾಡಿನಲ್ಲಿ, ಅಂದರೆ ಕಪ್ಪು ಜಿಗುಟು ಮಣ್ಣಿನ ಸೀಮೆಯಲ್ಲಿ, ಪರಿಸ್ಥಿತಿ ತಿರುವುಮುರುವು. ಮಳೆ ಕಡಿಮೆ, ಎಲೆ ಬೇಗ ಒಣಗುತ್ತದೆ, ಕಪ್ಪು ಚುಕ್ಕೆಯ ಕಾಟ ಅಷ್ಟಾಗಿ ಇಲ್ಲ. ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತದೆ; ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ಮಣ್ಣು ಕ್ಷಾರೀಯ, ಹುಳಿ-ಕ್ಷಾರಗಳ ಅಳತೆಯಾದ ರಸಸಾರ (pH) ಎಂಟರ ಮೇಲೆ ಹೋಗುವುದು ಸಾಮಾನ್ಯ, ಒಳಗೆ ಸುಣ್ಣದ ಹರಳುಗಳಿರುತ್ತವೆ. ಗುಲಾಬಿಗೆ ಒಗ್ಗುವುದು 6ರಿಂದ 7ರ ನಡುವಿನ ರಸಸಾರ. ಇದಕ್ಕೂ ಮಿಗಿಲಾದ ತೊಂದರೆಯೆಂದರೆ ಎರೆಮಣ್ಣಿನ ಚಲನೆ. ಮಳೆಗಾಲದಲ್ಲಿ ಉಬ್ಬಿ ಬೇರಿನ ಸುತ್ತಲ ಗಾಳಿಯನ್ನು ಹೊರದೂಡುವ ಈ ಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು ಆಹಾರ ಹೀರುವ ಸಣ್ಣ ಬೇರುಗಳನ್ನೇ ಹರಿದುಹಾಕುತ್ತದೆ. ಜೋಳಕ್ಕೂ ಕಡಲೆಗೂ ಒಗ್ಗಿದ ನೆಲ ಗುಲಾಬಿಗೂ ಒಗ್ಗೀತೆಂದು ಎಣಿಸಬಾರದು.

ಹುಬ್ಬಳ್ಳಿ ಇವೆರಡರ ನಡುವೆ ನಿಲ್ಲುತ್ತದೆ. ಹೊಸ ಬಡಾವಣೆಗಳಲ್ಲಿ ಸುತ್ತ ಖಾಲಿ ನಿವೇಶನಗಳು, ಮರಗಳಿಲ್ಲದ ರಸ್ತೆಗಳು, ಎರಡು ಮನೆಗಳ ನಡುವಿನ ಓಣಿಯಲ್ಲಿ ಕೊಳವೆಯೊಳಗೆ ನುಗ್ಗಿದಂತೆ ನುಗ್ಗುವ ಗಾಳಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸುತ್ತ ಇನ್ನೊಂದು ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೆಣಸಿನಗಿಡದ ಎಲೆ ಮುಟುರುವಂತೆ ಮಾಡುವ ಥ್ರಿಪ್ಸ್ ನುಸಿಯೇ ಗುಲಾಬಿಯ ಎಳೆ ಕುಡಿಯನ್ನೂ ಮೊಗ್ಗನ್ನೂ ಕೆರೆದು ರಸ ಹೀರುತ್ತದೆ. ಮೆಣಸಿನ ಹೊಲಗಳ ನಡುವಿನ ಊರಿನಲ್ಲಿ ಬಿಳಿ, ಹಳದಿ ಮುಂತಾದ ತಿಳಿ ಬಣ್ಣದ ದೊಡ್ಡ ಹೂಗಳ ಅಂಚು ಕಂದುಗಟ್ಟಿ ಅರಳುವುದಕ್ಕೆ ಬಹಳ ಸಲ ಇದೇ ಕಾರಣ. ಗಾಢ ಬಣ್ಣದ, ಸಣ್ಣ ಹೂವಿನ ತಳಿಗಳಲ್ಲಿ ಆ ಕಲೆ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ಜವಾರಿ ಗುಲಾಬಿ

ಪನ್ನೀರು ಗುಲಾಬಿ ಎಂದೂ ಎಡ್ವರ್ಡ್ ಗುಲಾಬಿ ಎಂದೂ ಕರೆಯುವ, ನಮ್ಮಲ್ಲಿ ಹೆಚ್ಚಿನವರು ಜವಾರಿ ಎಂದುಬಿಡುವ ತಿಳಿಗೆಂಪು ಹೂವಿನ ಕಂಟಿಯನ್ನು ನಾನು ಎಲ್ಲಕ್ಕಿಂತ ಮೊದಲು ಇಡುತ್ತೇನೆ. ಹೆಸರಿಗೆ ಜವಾರಿಯಾದರೂ ಇದರ ಮೂಲ ಹಿಂದೂ ಮಹಾಸಾಗರದ ಬೂರ್ಬನ್ ದ್ವೀಪ, ಅಂದರೆ ಇಂದಿನ ರೀಯೂನಿಯನ್. ಅಲ್ಲಿ ಬೇಲಿಗೆಂದು ನೆಟ್ಟಿದ್ದ ಚೀನಾದ ಗುಲಾಬಿ ಮತ್ತು ಡಮಾಸ್ಕ್ ಗುಲಾಬಿಗಳ ನಡುವೆ ತಾನಾಗಿ ಹುಟ್ಟಿದ ಮಿಶ್ರತಳಿ ಇದೆಂದು ತೋಟಗಾರಿಕೆಯ ಇತಿಹಾಸಕಾರರು ಹೇಳುತ್ತಾರೆ. ಆ ತಾಯಿ-ತಂದೆಯರ ಗುಣಗಳನ್ನು ಗಿಡದಲ್ಲಿ ಬೇರೆಬೇರೆಯಾಗಿಯೇ ಗುರುತಿಸಬಹುದು: ಸೆಖೆಯನ್ನು ತಾಳಿಕೊಂಡು ವರ್ಷದಲ್ಲಿ ಹಲವು ಸಲ ಹೂ ಬಿಡುವ ಅಭ್ಯಾಸ ಚೀನಾ ಗುಲಾಬಿಯದು, ಗುಲ್ಕಂದಕ್ಕೂ ಪನ್ನೀರಿಗೂ ಬೇಕಾದ ಪರಿಮಳ ಡಮಾಸ್ಕಿನದು. ಅಪ್ಪಟ ಡಮಾಸ್ಕ್ ಗುಲಾಬಿಗೆ ನಮ್ಮಲ್ಲಿಲ್ಲದ ಕಟ್ಟುಚಳಿ ಬೇಕು, ಅದು ಹೂ ಬಿಡುವುದೂ ವರ್ಷಕ್ಕೊಮ್ಮೆ. ಪರಿಮಳದ ಆಸೆಯಿಂದ ಅದನ್ನು ದೂರದಿಂದ ತರಿಸಿ ಬೆಳೆಸಲು ಹೊರಡುವವರಿಗೆ ಈ ಕಂಟಿಯನ್ನೇ ಸೂಚಿಸುತ್ತೇನೆ.

ಗಾಳಿಯ ಮುಂದೆ ಈ ಗಿಡದ ಬಲ ಇರುವುದು ಅದರ ಕಟ್ಟಿನಲ್ಲಿ. ಬುಡದಿಂದಲೇ ಹಲವು ಟೊಂಗೆಗಳು ಹೊರಟು ಪೊದೆಯಾಗುವುದರಿಂದ ಒಂದು ಟೊಂಗೆ ಮುರಿದರೂ ಗಿಡಕ್ಕೆ ನಷ್ಟವಿಲ್ಲ. ಟೊಂಗೆಯನ್ನು ನೆಟ್ಟರೆ ತನ್ನದೇ ಬೇರಿನ ಮೇಲೆ ಬೆಳೆಯುವುದರಿಂದ ಆಣೆಕಲ್ಲು ಬಿದ್ದು ಮೇಲಿನದೆಲ್ಲ ಜಜ್ಜಿಹೋದರೂ ನೆಲದಿಂದ ಚಿಗುರುವುದು ಅದೇ ಗುಲಾಬಿ. ಕುಂದುಗಳೂ ಇವೆ. ಹೂವು ಗಿಡದ ಮೇಲೆ ಎರಡು ದಿನ ನಿಲ್ಲುವುದೂ ಕಷ್ಟ, ಕೊಯ್ದು ಹೂದಾನಿಯಲ್ಲಿ ಇಡುವುದಕ್ಕೆ ಬಾರದು, ಮಳೆಗಾಲದಲ್ಲಿ ಧಾರವಾಡದ ಕಡೆ ಎಲೆ ಉದುರಿಸುತ್ತದೆ, ಮುಳ್ಳು ವಿಪರೀತ. ಗಿಡದಿಂದ ಗಿಡಕ್ಕೆ ಕನಿಷ್ಠ ಒಂದು ಮೀಟರ್ ಜಾಗ ಕೇಳುತ್ತದೆ. ದೇವರ ಪೂಜೆಗೆ ಬೆಳಗಿನ ಹೂವು ಬೇಕೆನ್ನುವ ಮನೆಗೆ ಇವು ಕುಂದುಗಳೇ ಅಲ್ಲ, ಮೇಜಿನ ಮೇಲೆ ಇಡಲು ಉದ್ದ ತೊಟ್ಟಿನ ಹೂವು ಬೇಕೆನ್ನುವವರಿಗೆ ಮಾತ್ರ ಇದು ಒಪ್ಪುವುದಿಲ್ಲ.

ಇದೇ ಜಾಡಿನ ಇನ್ನೊಂದು ಹಳೆಯ ತಳಿ 1897ರ ಗ್ರುಸ್ ಆನ್ ಟೆಪ್ಲಿಟ್ಜ್. ಕಡುಗೆಂಪು, ಒಳ್ಳೆಯ ಪರಿಮಳ, ಸೆಖೆಗೆ ಜಗ್ಗದ ಜೀವ. ಉತ್ತರ ಭಾರತದಲ್ಲಿ ಇದನ್ನು ಬೇಲಿಗೆ ಹಾಕುವಷ್ಟು ಬಳಕೆಯಿದೆ. ನಮ್ಮ ನರ್ಸರಿಗಳಲ್ಲಿ ಕೇಳಿ ತರಿಸಬೇಕಾಗುತ್ತದೆ. ಹೂವಿನ ಭಾರಕ್ಕೆ ಕುತ್ತಿಗೆ ಬಾಗುವ ಗುಣವಿದೆ, ಅದನ್ನು ಕೆಲವರು ದೋಷವೆನ್ನುತ್ತಾರೆ. ಗಾಳಿಯಲ್ಲಿ ಬಾಗುವ ಹೂವು ಸೆಟೆದು ನಿಂತ ಹೂವಿಗಿಂತ ಹೆಚ್ಚು ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೈಬ್ರಿಡ್ ಟೀ: ಆಸೆಯ ಹೂವು

ಗುಲಾಬಿ ಎಂದಾಗ ಇಂದು ಕಣ್ಣಮುಂದೆ ಬರುವ ರೂಪ, ಅಂದರೆ ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ಒಂದು ದೊಡ್ಡ ಚೂಪು ಮೊಗ್ಗು, ಹೈಬ್ರಿಡ್ ಟೀ ಗುಂಪಿನದು. 1867ರ ಲಾ ಫ್ರಾನ್ಸ್ ಎಂಬ ತಳಿಯಿಂದ ಈ ಗುಂಪಿನ ಲೆಕ್ಕ ಹಿಡಿಯುವುದು ವಾಡಿಕೆ. ಪೀಸ್, ಗ್ಲಾಡಿಯೇಟರ್, ಸೂಪರ್ ಸ್ಟಾರ್, ಡಬಲ್ ಡಿಲೈಟ್ ಮೊದಲಾದ ಹೆಸರುಗಳು ಗುಲಾಬಿ ಬೆಳೆಸುವವರ ಬಾಯಲ್ಲಿ ಸದಾ ಇರುತ್ತವೆ. ಚಳಿಗಾಲದ ಹೂವಿಗೆ ಇವುಗಳನ್ನು ಮೀರಿಸಿದ್ದಿಲ್ಲ, ಅದರಲ್ಲಿ ಎರಡು ಮಾತಿಲ್ಲ.

ಕೆಟ್ಟ ಕಾಲದಲ್ಲಿ ಇವು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಟೊಂಗೆಗಳು ಕೆಲವೇ, ಅವೂ ನೆಟ್ಟಗೆ ಮೇಲಕ್ಕೆ ಹೋಗುವಂಥವು, ತುದಿಯಲ್ಲಿ ಭಾರ. ಜೂನ್ ತಿಂಗಳ ಗಾಳಿಗೆ ಅಂಥ ಗಿಡ ಬುಡಸಹಿತ ಅಲ್ಲಾಡುತ್ತದೆ. ಒದ್ದೆ ಮಣ್ಣಿನಲ್ಲಿ ಹೀಗೆ ಅಲ್ಲಾಡಿದಾಗ ಕಾಂಡದ ಸುತ್ತ ಒಂದು ಕುಳಿ ಬಿದ್ದು, ಆ ಕುಳಿಯಲ್ಲಿ ನೀರು ನಿಂತು, ಹೊಸದಾಗಿ ಹಿಡಿದ ಬೇರುಗಳು ಕಿತ್ತು, ಮೇಲಿನ ತಳಿಯೂ ಕೆಳಗಿನ ಬೇರುಗಿಡವೂ ಕೂಡುವ ಕಸಿಯ ಗಂಟು ಕೊಳೆಯಲು ಶುರುವಾಗುತ್ತದೆ. ಮಳೆಗೆ ಗಿಡ ಸತ್ತಿತು ಎಂದು ಜನ ಹೇಳುವ ಎಷ್ಟೋ ಪ್ರಸಂಗಗಳಲ್ಲಿ ನಿಜವಾದ ಕಾರಣ ಗಾಳಿ. ಮೂವತ್ತಕ್ಕೂ ಹೆಚ್ಚು ಎಸಳುಗಳ ಮೊಗ್ಗುಗಳು ಸತತ ತೇವದಲ್ಲಿ ಹೊರಗಿನ ಎಸಳು ಅಂಟಿಕೊಂಡು ಅರಳದೆಯೇ ಕಂದುತ್ತವೆ. ಮೇ ತಿಂಗಳಲ್ಲಿ ಇದರ ವಿರುದ್ಧ ತೊಂದರೆ: ಹೂವು ಅರ್ಧ ಗಾತ್ರಕ್ಕೆ ಇಳಿಯುತ್ತದೆ, ಒಂದೇ ದಿನದಲ್ಲಿ ಬಿಚ್ಚಿಕೊಳ್ಳುತ್ತದೆ, ಕಡುಗೆಂಪು ಎಸಳಿನ ಅಂಚು ಸುಟ್ಟು ಕಪ್ಪಾಗುತ್ತದೆ.

ಹಾಗೆಂದು ಈ ಗುಂಪನ್ನೇ ಬಿಡಬೇಕಾಗಿಲ್ಲ. ದೇಶದೊಳಗೇ ಬೆಳೆಸಿ ಪರೀಕ್ಷಿಸಿದ ತಳಿಗಳಿಗೆ ಆದ್ಯತೆ ಕೊಡುವುದು ಒಂದು ದಾರಿ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾಗಿದ್ದ ಗೋಧಿ ತಳಿವಿಜ್ಞಾನಿ ಬಿ.ಪಿ. ಪಾಲ್ ಅವರು ಗುಲಾಬಿ ತಳಿಗಳನ್ನೂ ಅಷ್ಟೇ ಶ್ರದ್ಧೆಯಿಂದ ರೂಪಿಸಿದರು, ಮತ್ತು ಅವರ ತಳಿಗಳೆಲ್ಲ ದೆಹಲಿಯ ಬೇಸಿಗೆಯನ್ನು ಕಂಡಂಥವು. ಕೊಡೈಕೆನಾಲಿನ ಎಂ.ಎಸ್. ವೀರರಾಘವನ್ ಅವರು ಭಾರತದ್ದೇ ಆದ ಕಾಡುಗುಲಾಬಿ ರೋಸಾ ಕ್ಲೈನೋಫಿಲ್ಲಾವನ್ನು ಬಳಸಿ ಬೆಚ್ಚಗಿನ ಹವೆಗೆಂದೇ ತಳಿಗಳನ್ನು ಬೆಳೆಸಿದ್ದಾರೆ. ಇನ್ನೊಂದು ದಾರಿ ಎಸಳು ಕಡಿಮೆ ಇರುವ, ಮೂರಡಿಗಿಂತ ಎತ್ತರಕ್ಕೆ ಹೋಗದ ತಳಿಯನ್ನು ಆರಿಸುವುದು. ಕ್ವೀನ್ ಎಲಿಜಬೆತ್‌ನಂತಹ, ಆಳೆತ್ತರ ಬೆಳೆಯುವ ಗಿಡ ಎಷ್ಟೇ ಗಟ್ಟಿಯಾಗಿದ್ದರೂ ಬಯಲಿನ ಅಂಗಳದಲ್ಲಿ ಅದಕ್ಕೆ ಗೋಡೆಯ ಆಸರೆ ಬೇಕೇಬೇಕು. ಮನೆಯ ಪೂರ್ವದಿಕ್ಕಿನಲ್ಲಿ ಮರೆಯ ಜಾಗವಿದ್ದವರು ಎರಡು-ಮೂರು ಹೈಬ್ರಿಡ್ ಟೀ ಗಿಡಗಳನ್ನು ಇಡಲಿ, ಇಡೀ ತೋಟವನ್ನು ಅವುಗಳಿಂದಲೇ ತುಂಬಿಸುವುದು ಬೇಡ.

ಹೂವಿನಂಗಡಿಗಳಲ್ಲಿ ಡಚ್ ರೋಜ್ ಎಂದು ಮಾರುವ ತಳಿಗಳ ಸಸಿಗಳು ಈಗ ಕುಂಡಗಳಲ್ಲೂ ಬರುತ್ತಿವೆ. ಅವು ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನ ಒಳಗೆ, ಹನಿ ನೀರು ಮತ್ತು ರಸಗೊಬ್ಬರದ ಲೆಕ್ಕಾಚಾರದಲ್ಲಿ, ಮಳೆಯನ್ನೇ ಕಾಣದೆ ಬೆಳೆಯಲೆಂದು ಆರಿಸಿದ ಗಿಡಗಳು. ತೆರೆದ ಅಂಗಳಕ್ಕೆ ಇವು ಬೇಡವೇ ಬೇಡ.

ಫ್ಲೋರಿಬಂಡಾ: ನಡುದಾರಿ

ಒಂದೇ ಟೊಂಗೆಯ ತುದಿಯಲ್ಲಿ ಗೊಂಚಲಾಗಿ ಹೂ ಬಿಡುವ ಫ್ಲೋರಿಬಂಡಾ ಗುಂಪನ್ನು ಹೆಚ್ಚಿನ ಮನೆಗಳಿಗೆ ನಾನು ಸೂಚಿಸುತ್ತೇನೆ. ಹೂವು ಚಿಕ್ಕದು, ಆದರೆ ಗೊಂಚಲಿನಲ್ಲಿ ಒಂದು ಹಾಳಾದರೆ ಮರುದಿನ ಪಕ್ಕದ್ದು ಅರಳುತ್ತದೆ. ಗಿಡ ಎರಡೂವರೆ-ಮೂರು ಅಡಿಯೊಳಗೆ ಪೊದೆಯಾಗಿ ನಿಲ್ಲುವುದರಿಂದ ಗಾಳಿಗೆ ಸಿಗುವ ಮೈ ಕಡಿಮೆ. ಎಸಳು ಕಡಿಮೆ ಇರುವ ತಳಿಗಳು ಮಳೆನೀರನ್ನು ಕೊಡವಿಕೊಂಡು ಬಿಚ್ಚಿಕೊಳ್ಳುತ್ತವೆ. ಹೈಬ್ರಿಡ್ ಟೀ ಗಿಡ ಒಂದು ಸುತ್ತು ಹೂ ಬಿಟ್ಟು ವಿಶ್ರಾಂತಿ ಪಡೆಯುವಾಗಲೂ ಫ್ಲೋರಿಬಂಡಾದಲ್ಲಿ ಏನಾದರೂ ಬಣ್ಣ ಉಳಿದಿರುತ್ತದೆ.

ಈ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಜರ್ಮನಿಯ ಕೊರ್ಡೆಸ್ ಸಂಸ್ಥೆ 1958ರಲ್ಲಿ ಹೊರತಂದ ಐಸ್‌ಬರ್ಗ್. ಬಿಳಿಯ ಹೂವು, ಮುಳ್ಳು ತೀರ ಕಡಿಮೆ. ಮುಳ್ಳು ಕಡಿಮೆ ಇರುವುದು ಬರೀ ಕೈಗೆ ಅನುಕೂಲವೆಂದು ತಿಳಿಯಬಾರದು. ಗಾಳಿಯಲ್ಲಿ ಟೊಂಗೆಗೆ ಟೊಂಗೆ ತಾಗಿ ಮುಳ್ಳುಗಳು ಎಲೆಯನ್ನು ಸೀಳಿದಾಗ ಆ ಗಾಯಗಳಿಂದಲೂ ರೋಗ ಒಳಹೋಗಬಹುದು, ಐಸ್‌ಬರ್ಗಿಗೆ ಆ ತೊಂದರೆ ಕಡಿಮೆ. ಸೆಖೆಯನ್ನೂ ಚೆನ್ನಾಗಿ ತಾಳುತ್ತದೆ. ಆದರೆ ಕಪ್ಪು ಚುಕ್ಕೆಗೆ ಬೇಗ ಬಲಿಯಾಗುವುದು ಇದರ ದೊಡ್ಡ ದೌರ್ಬಲ್ಯ. ಆದಕಾರಣ ಗದಗ, ನರಗುಂದ, ಪೂರ್ವ ಹುಬ್ಬಳ್ಳಿಗಳಲ್ಲಿ ಇದು ಬಹಳ ಒಳ್ಳೆಯ ಆಯ್ಕೆ. ಧಾರವಾಡದ ಪಶ್ಚಿಮ ಭಾಗದಲ್ಲಿಯೂ ಹಾನಗಲ್ಲಿನಲ್ಲಿಯೂ ಜುಲೈ ಮುಗಿಯುವಷ್ಟರಲ್ಲಿ ಎಲೆ ಉದುರಿ ಬರೀ ಟೊಂಗೆಗಳಾಗಿ ನಿಲ್ಲುವ ಸಂಭವವಿದೆ. ಬ್ಯಾಡಗಿಯ ಕಡೆಗಾದರೆ ಬಿಳಿ ಬಣ್ಣದ ಮೇಲೆ ಥ್ರಿಪ್ಸಿನ ಕಲೆ ಎದ್ದು ಕಾಣುವುದರಿಂದ, ಪಾಲ್ ಅವರದೇ ಆದ ಕಂದುಛಾಯೆಯ ಮೋಹಿನಿಯಂತಹ ತಳಿಯೋ ಯಾವುದಾದರೂ ಕೆಂಪು ಫ್ಲೋರಿಬಂಡಾವೋ ವಾಸಿ.

ಮಳೆಸೀಮೆಯಲ್ಲಿ ತಳಿಯ ಹೆಸರು ಗೊತ್ತಿಲ್ಲದಿದ್ದಾಗ ಎಲೆಯನ್ನು ನೋಡಿ ಆರಿಸಬಹುದು. ದಪ್ಪಗೆ, ಮೇಣ ಸವರಿದಂತೆ ಹೊಳೆಯುವ ಗಾಢ ಹಸಿರು ಎಲೆಯ ಮೇಲೆ ನೀರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತೆಳ್ಳಗಿನ, ಮಂಕು ಎಲೆ ಬೇಗ ರೋಗಕ್ಕೆ ಸಿಗುತ್ತದೆ. ಇದು ಶಾಸ್ತ್ರವಲ್ಲ, ಆದರೆ ನರ್ಸರಿಯಲ್ಲಿ ನಿಂತಾಗ ಕೈಗೆ ಸಿಗುವ ಒಳ್ಳೆಯ ಸುಳಿವು.

ಬಟನ್ ಗುಲಾಬಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೊಳಕಾಲೆತ್ತರದ ಗಿಡ, ಗಾಳಿಯ ಬಡಿತ ಅಲ್ಲಿಯತನಕ ಇಳಿಯುವುದೇ ಕಡಿಮೆ, ಟೊಂಗೆಯಿಂದಲೇ ಬೇರು ಬಿಡುತ್ತದೆ. ಆದರೆ ಬೇಸಿಗೆಯಲ್ಲಿ ಕೆಂಪು ನುಸಿ ಇದನ್ನು ಹುಡುಕಿಕೊಂಡು ಬರುತ್ತದೆ. ಎಲೆಯ ತಳಭಾಗಕ್ಕೆ ಬೆಳಗಿನ ಹೊತ್ತು ರಭಸವಾಗಿ ನೀರು ಸಿಡಿಸುವ ತಾಳ್ಮೆ ಇದ್ದವರು ಮಾತ್ರ ಹೆಚ್ಚು ಗಿಡ ಹಾಕಬೇಕು. ಬಳ್ಳಿ ಗುಲಾಬಿಯನ್ನು ಗೇಟಿನ ಕಮಾನಿನ ಮೇಲೆ ಹಬ್ಬಿಸುವ ಆಸೆ ಬಹಳ ಮಂದಿಗೆ ಇರುತ್ತದೆ. ನಮ್ಮ ಗಾಳಿಗೆ ಎದುರಾಗಿ ನಿಂತ ಕಮಾನಿನಲ್ಲಿ ಅದು ಸುಖವಾಗಿರದು. ಪೂರ್ವದ ಗೋಡೆಗೆ ತಂತಿ ಬಿಗಿದು, ಗೋಡೆಯಿಂದ ಅರ್ಧ ಅಡಿ ದೂರವಿಟ್ಟು, ಟೊಂಗೆಗಳನ್ನು ಅಡ್ಡಡ್ಡಲಾಗಿ ಕಟ್ಟಿ ಹಬ್ಬಿಸಿದರೆ ಹೂವೂ ಹೆಚ್ಚು ಬರುತ್ತದೆ.

ಕಸಿಯೋ, ಸ್ವಂತ ಬೇರೋ

ತಳಿಯ ಹೆಸರಿನಷ್ಟೇ ಮುಖ್ಯವಾದ, ಆದರೆ ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ ಇದು. ನರ್ಸರಿಯಲ್ಲಿ ಸಿಗುವ ಹೈಬ್ರಿಡ್ ಟೀ ಮತ್ತು ಫ್ಲೋರಿಬಂಡಾ ಗಿಡಗಳು ಬಹುತೇಕ ಕಣ್ಣು ಕಸಿ ಮಾಡಿದವು, ಅಂದರೆ ಮೇಲಿನ ಗಿಡ ಒಂದು, ಕೆಳಗಿನ ಬೇರು ಇನ್ನೊಂದು. ಬೇರಿಗಾಗಿ ಬಳಸುವ ಕಾಡುಗುಲಾಬಿಗಳಲ್ಲಿ ರೋಸಾ ಮಲ್ಟಿಫ್ಲೋರಾ ತುಸು ಹುಳಿ ಮಣ್ಣನ್ನು ಬಯಸುತ್ತದೆ. ಸುಣ್ಣ ಹೆಚ್ಚಿರುವ ಎರೆಮಣ್ಣಿನಲ್ಲಿ ಅದಕ್ಕೆ ಕಬ್ಬಿಣಾಂಶ ಸಿಗದೆ, ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ರೋಸಾ ಇಂಡಿಕಾ ಒಡೊರೇಟಾ ಎಂಬ ಬೇರುಗಿಡ ಸುಣ್ಣದ ಮಣ್ಣನ್ನೂ ನೀರಿನ ಕೊರತೆಯನ್ನೂ ಹೆಚ್ಚು ತಾಳುತ್ತದೆ. ಗದಗ, ರೋಣಗಳವರು ಯಾವ ಬೇರಿನ ಮೇಲೆ ಕಸಿ ಮಾಡಿದ್ದೆಂದು ಕೇಳಿಯೇ ಕೊಳ್ಳಬೇಕು. ಕಲಘಟಗಿಯ ಮಸಾರಿಯಲ್ಲಿ ಈ ವ್ಯತ್ಯಾಸ ಅಷ್ಟು ಬಾಧಿಸದು.

ಕಸಿಗಿಡದ ಲಾಭ ಅದರ ರಭಸ. ಅದೇ ತಳಿಯನ್ನು ಸ್ವಂತ ಬೇರಿನ ಮೇಲೆ ಬೆಳೆಸಿದರೆ ಹೆಚ್ಚಿನ ಹೈಬ್ರಿಡ್ ಟೀಗಳು ಸೊರಗುತ್ತವೆ. ನಷ್ಟವೆಂದರೆ ಕಸಿಯ ಗಂಟು ಗಾಳಿಗೆ ಮುರಿಯುವ ಜಾಗವಾಗಿರುವುದು, ಮತ್ತು ಮೇಲಿನ ಗಿಡ ಸತ್ತಾಗ ಕೆಳಗಿನ ಕಾಡು ಚಿಗುರಿ ಗಿಡ ಉಳಿಯಿತೆಂಬ ಭ್ರಮೆ ಹುಟ್ಟಿಸುವುದು. ಏಳು ಎಲೆಯದು ಕಾಡು, ಐದು ಎಲೆಯದು ಒಳ್ಳೆಯದು ಎಂಬ ಮಾತು ಚಾಲ್ತಿಯಲ್ಲಿದೆಯಾದರೂ ಪೂರ್ತಿ ನಂಬುವಂಥದ್ದಲ್ಲ. ಒಳ್ಳೆಯ ತಳಿಗಳಲ್ಲಿಯೂ ಏಳು ಎಲೆ ಬರುವುದುಂಟು. ಚಿಗುರು ಗಂಟಿನ ಕೆಳಗಿನಿಂದ ಬಂದಿದೆಯೇ ಎಂದು ಮಣ್ಣು ಸರಿಸಿ ನೋಡುವುದೇ ಸರಿಯಾದ ಪರೀಕ್ಷೆ. ಮಲ್ಟಿಫ್ಲೋರಾ ಆಗಿದ್ದರೆ ಎಲೆತೊಟ್ಟಿನ ಬುಡದಲ್ಲಿ ಬಾಚಣಿಗೆಯ ಹಲ್ಲಿನಂತಹ ಜೂಲು ಕಾಣಿಸುತ್ತದೆ. ಅಂಥ ಚಿಗುರನ್ನು ಕತ್ತರಿಸಬಾರದು, ಬುಡಸಹಿತ ಕಿತ್ತು ತೆಗೆಯಬೇಕು.

ಗಂಟನ್ನು ಎಷ್ಟು ಎತ್ತರದಲ್ಲಿಡಬೇಕು ಎಂಬ ಬಗ್ಗೆ ಬೇರೆಬೇರೆ ಅಭಿಪ್ರಾಯಗಳಿವೆ. ನೀರು ಬಸಿಯುವ ಮಸಾರಿಯಲ್ಲಿ ನೆಲಮಟ್ಟಕ್ಕೆ ಇಟ್ಟರೆ ಗಾಳಿಯ ಎಳೆತ ಕಡಿಮೆಯಾಗುತ್ತದೆ. ಎರೆಮಣ್ಣಿನಲ್ಲಿ ಹಾಗೆ ಮಾಡಿದರೆ ಕೊಳೆಯುವ ಭಯವಿರುವುದರಿಂದ ಎರಡು ಅಂಗುಲ ಮೇಲಿಟ್ಟು, ಪಡುವಣ ಮಗ್ಗುಲಲ್ಲಿ ಒಂದು ಗೂಟ ನೆಟ್ಟು, ಹಳೆಯ ಬಟ್ಟೆಯ ಪಟ್ಟಿಯಿಂದ ಎಂಟಾಕಾರವಾಗಿ ಕಟ್ಟುವುದನ್ನು ನಾನು ಒಪ್ಪುತ್ತೇನೆ.

ಎಲ್ಲಿ ನೆಡುವುದು

ಮನೆಯ ಪೂರ್ವದಿಕ್ಕು ಈ ಮೂರೂ ಜಿಲ್ಲೆಗಳಿಗೆ ಸಲ್ಲುವ ಉತ್ತರ. ಬೆಳಗಿನ ಐದಾರು ತಾಸು ಬಿಸಿಲು ಸಿಗುತ್ತದೆ, ರಾತ್ರಿಯ ಇಬ್ಬನಿ ಬೇಗ ಒಣಗುತ್ತದೆ, ಮೇ ತಿಂಗಳ ಮಧ್ಯಾಹ್ನದ ಉರಿಯೂ ಆಷಾಢದ ಪಡುವಣ ಗಾಳಿಯೂ ಮನೆಯ ಬೆನ್ನಿಗೆ ಬಡಿಯುತ್ತವೆ. ಪಶ್ಚಿಮದ ಅಂಗಳವೊಂದೇ ಇರುವವರು ಗಾಳಿಗೆ ತಡೆ ಮಾಡಿಕೊಳ್ಳಬೇಕು. ಆ ತಡೆ ಸಿಮೆಂಟಿನ ಗಟ್ಟಿ ಕಂಪೌಂಡ್ ಗೋಡೆಯಾದರೆ ಗಾಳಿ ಅದರ ಮೇಲಿಂದ ಹಾರಿ ಹಿಂದುಗಡೆ ಸುಳಿಯಾಗಿ ಇಳಿದು, ಗೋಡೆಯ ಬುಡದಿಂದ ತುಸು ದೂರದ ಗಿಡಗಳನ್ನು ಇನ್ನೂ ಕೆಟ್ಟದಾಗಿ ತಿರುಚುತ್ತದೆ. ಅರ್ಧದಷ್ಟು ಗಾಳಿಯನ್ನು ಒಳಬಿಡುವ ಬೇಲಿ ಅಥವಾ ಐವತ್ತು ಶೇಕಡಾ ಹಸಿರು ನೆಟ್ ಇದಕ್ಕಿಂತ ಮೇಲು. ಅದರ ಎತ್ತರದ ಎಂಟು-ಹತ್ತು ಪಟ್ಟು ದೂರದವರೆಗೂ ಗಾಳಿಯ ಬಿರುಸು ತಗ್ಗುತ್ತದೆ. ನೆಟ್ ಬೇಡವೆನ್ನುವವರಿಗೆ ಮದರಂಗಿ ಅಥವಾ ಕಣಗಿಲೆಯ ಸಾಲು ಚೆನ್ನ, ಎರಡಕ್ಕೂ ನೀರಿನ ಹಂಗು ಕಡಿಮೆ; ಕಣಗಿಲೆ ವಿಷವೆಂಬುದನ್ನು ದನ ಮತ್ತು ಚಿಕ್ಕ ಮಕ್ಕಳಿರುವ ಮನೆಯವರು ನೆನಪಿಡಬೇಕು. ಧಾರವಾಡದ ಕಡೆಯವರು ತಡೆಯನ್ನು ತೀರ ದಟ್ಟ ಮಾಡಬಾರದು, ಒದ್ದೆ ಎಲೆಯನ್ನು ಒಣಗಿಸುವುದೂ ಅದೇ ಗಾಳಿಯೇ.

ನೆಲ ಮತ್ತು ಕುಂಡಗಳ ನಡುವೆ ಆರಿಸುವಾಗ ಮಸಾರಿ ಇದ್ದವರು ಯೋಚಿಸದೆ ನೆಲವನ್ನೇ ಆರಿಸಲಿ. ಎರೆಮಣ್ಣಿನವರಿಗೆ ಮೂರನೆಯ ದಾರಿಯೊಂದಿದೆ: ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿ, ತಳಕ್ಕೆ ಗರಸು (ಜಲ್ಲಿಮಣ್ಣು) ಹಾಕಿ, ಮೇಲೆ ಮಸಾರಿ ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಎರಡಕ್ಕೊಂದರಂತೆ ಬೆರೆಸಿ ತುಂಬುವುದು. ಎರೆಯಲ್ಲಿ ಬರೀ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬಿದರೆ ಮಳೆಗಾಲದಲ್ಲಿ ಆ ಗುಂಡಿ ನೀರಿನ ತೊಟ್ಟಿಯಾಗುತ್ತದೆ. ಮಾಳಿಗೆಯ ಮೇಲಿನ ಕುಂಡಗಳಿಗೆ ಗಾಳಿ ದುಪ್ಪಟ್ಟು, ಸೆಖೆ ದುಪ್ಪಟ್ಟು. ಹುಬ್ಬಳ್ಳಿ-ಧಾರವಾಡದ ಹಲವು ಬಡಾವಣೆಗಳಲ್ಲಿ ನಲ್ಲಿ ನೀರು ದಿನಗಳ ಅಂತರದಲ್ಲಿ ಬರುತ್ತದೆ, ಮೇ ತಿಂಗಳ ಕುಂಡವೋ ದಿನವೂ ನೀರು ಕೇಳುತ್ತದೆ. ಕೊಳವೆಬಾವಿಯ ನೀರು ಸವುಳಾಗಿದ್ದರೆ ಕುಂಡದಲ್ಲಿ ಉಪ್ಪು ಬೇಗ ಶೇಖರವಾಗಿ ಎಲೆಯ ಅಂಚು ಸುಡುತ್ತದೆ. ಕುಂಡವೇ ಅನಿವಾರ್ಯವಾದರೆ ಹದಿನಾಲ್ಕು ಅಂಗುಲದ ಮಣ್ಣಿನ ಕುಂಡದಲ್ಲಿ ಬಟನ್ ಅಥವಾ ಗಿಡ್ಡ ಫ್ಲೋರಿಬಂಡಾ ಇರಲಿ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಬೇರನ್ನು ಬೇಯಿಸುತ್ತದೆ.

ಮಣ್ಣಿನ ರಸಸಾರ ಎಷ್ಟೆಂದು ಊಹಿಸುತ್ತ ಕೂರುವುದಕ್ಕಿಂತ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಅಂದರೆ ಗದಗಿನವರು ಹುಲಕೋಟಿಯಲ್ಲಿ, ಹಾವೇರಿಯವರು ಹನುಮನಮಟ್ಟಿಯಲ್ಲಿ, ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸುವುದು ಮೇಲು. ಎಲೆ ಹಳದಿಯಾದಾಗ ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು ಒಂದು ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿದರೆ ತಾತ್ಕಾಲಿಕ ಪರಿಹಾರ ಸಿಗುತ್ತದೆ. ಮಣ್ಣಿಗೆ ಹಾಕುವುದಾದರೆ ಇಡಿಟಿಎ (EDTA) ಎಂಬ ರಾಸಾಯನಿಕದೊಡನೆ ಕೂಡಿಸಿದ ಕಬ್ಬಿಣ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಇಡಿಡಿಎಚ್‌ಎ ರೂಪದ್ದು ನಿಲ್ಲುತ್ತದೆ. ಬೆಲೆ ಹೆಚ್ಚೆಂಬುದು ನಿಜ, ಆದರೆ ಕೆಲಸ ಮಾಡದ ಅಗ್ಗದ ಪುಡಿ ಅದಕ್ಕಿಂತ ದುಬಾರಿ.

ಕಾಲ ಮತ್ತು ಕತ್ತರಿ

ಜೂನ್ ತಿಂಗಳ ಮಿರಗದ (ಮೃಗಶಿರ) ಮಳೆ ಬಿದ್ದೊಡನೆ ಗಿಡ ನೆಡುವುದು ನಮ್ಮ ರೂಢಿ. ಮಾವಿಗೂ ತೆಂಗಿಗೂ ಅದು ಸರಿ. ಗುಲಾಬಿಗೆ ಮಾತ್ರ, ಬೇರು ಹಿಡಿಯುವ ಮೊದಲೇ ಎರಡು ತಿಂಗಳ ಗಾಳಿಯನ್ನು ಎದುರಿಸಬೇಕಾಗುವುದರಿಂದ, ಉತ್ತರಿ ಮಳೆ ಕಳೆದು ಹಸ್ತದ ಹೊತ್ತಿಗೆ, ಎಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ ನೆಡುವುದೇ ಸರಿಯಾದ ಕಾಲ. ಬೇಸಿಗೆ ಬರುವಷ್ಟರಲ್ಲಿ ಐದಾರು ತಿಂಗಳು ಸಿಗುತ್ತವೆ. ಜವಾರಿ ಗುಲಾಬಿಯ ಟೊಂಗೆಗಳನ್ನು ಮಾತ್ರ ಜುಲೈಯಲ್ಲಿ, ಪೆನ್ಸಿಲ್ ದಪ್ಪದ ಒಂದು ಗೇಣುದ್ದದ ತುಂಡುಗಳಾಗಿ ನೆರಳಿನಲ್ಲಿ ಊರಿ ಬೇರು ಬರಿಸಿಕೊಂಡು ಅಕ್ಟೋಬರಿನಲ್ಲಿ ನೆಲಕ್ಕೆ ದಾಟಿಸಬೇಕು.

ಟೊಂಗೆ ಸವರುವ ದೊಡ್ಡ ಚಾಟನಿಯೂ ಅಕ್ಟೋಬರಿನಲ್ಲಿಯೇ. ಅಲ್ಲಿಂದ ಆರೇಳು ವಾರಕ್ಕೆ ಹೂವು. ಹೈಬ್ರಿಡ್ ಟೀಯನ್ನು ಅರ್ಧಕ್ಕೆ ಇಳಿಸಬಹುದು, ಫ್ಲೋರಿಬಂಡಾವನ್ನು ಮೂರನೆಯ ಒಂದು ಭಾಗದಷ್ಟು ಸಾಕು, ಜವಾರಿ ಕಂಟಿಯಲ್ಲಿ ಒಣಗಿದ್ದನ್ನೂ ಒಳಗೆ ಹೆಣೆದುಕೊಂಡದ್ದನ್ನೂ ತೆಗೆದರೆ ಆಯಿತು. ಗಾಳಿಯ ಅಂಗಳದವರು ಮೇ ಕೊನೆಯಲ್ಲಿ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಉದ್ದ ಟೊಂಗೆಗಳ ತುದಿಯನ್ನು ಮೊಟಕುಮಾಡಿ ಗಿಡದ ಎತ್ತರ ಇಳಿಸಿಕೊಳ್ಳಬೇಕು. ಬೇಸಿಗೆಯ ನಡುವೆ ಗಟ್ಟಿಯಾಗಿ ಸವರಿದರೆ ಬರಿಯಾದ ಕಾಂಡ ಬಿಸಿಲಿಗೆ ಸುಟ್ಟು, ಟೊಂಗೆ ತುದಿಯಿಂದ ಕೆಳಮುಖವಾಗಿ ಕಪ್ಪಾಗುತ್ತ ಒಣಗುವ ರೋಗ ಹಿಡಿಯುತ್ತದೆ. ಕಪ್ಪು ಚುಕ್ಕೆಗಿಂತ ಇದು ಅಪಾಯಕಾರಿ. ಅದು ಎಲೆಯನ್ನು ತಿನ್ನುತ್ತದೆ, ಇದು ಗಿಡವನ್ನೇ ತಿನ್ನುತ್ತದೆ. ಪ್ರತಿ ಕಡಿತವನ್ನೂ ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕೊಟ್ಟು, ಮೈಲುತುತ್ತ-ಸುಣ್ಣದ ಬೋರ್ಡೊ ಮುಲಾಮು ಅಥವಾ ನೀರಿನಲ್ಲಿ ಕಲಸಿದ ಕಾಪರ್ ಆಕ್ಸಿಕ್ಲೋರೈಡ್ ಶಿಲೀಂಧ್ರನಾಶಕ ಸವರಬೇಕು.

ಬೇಸಿಗೆಯ ಮುಚ್ಚಿಗೆಗೆ ಗದಗಿನ ಕಡೆ ಶೇಂಗಾ ಹೊಟ್ಟು, ಕಬ್ಬು ಬೆಳೆಯುವ ಕಡೆ ಅದರ ಒಣ ಎಲೆಯಾದ ರವದಿ, ಎರಡೂ ಒಳ್ಳೆಯವೇ. ಎರಡು-ಮೂರು ಅಂಗುಲ ಹರಡಿ ಕಾಂಡದಿಂದ ನಾಲ್ಕು ಬೆರಳು ದೂರವಿಡಬೇಕು, ಎರೆಯಲ್ಲಿ ಬಿರುಕು ಬೀಳುವುದನ್ನೂ ಇದು ತಡೆಯುತ್ತದೆ. ಗೆದ್ದಲಿನ ಕಾಟವಿದ್ದರೆ ಬೇವಿನ ಹಿಂಡಿ ಬೆರೆಸಬೇಕು.

ಕೊಳ್ಳುವಾಗ

ಆಂಧ್ರದ ಕಡಿಯಂ, ಮಹಾರಾಷ್ಟ್ರದ ಪುಣೆಗಳ ಕಡೆಯಿಂದ ನಮ್ಮ ಊರುಗಳಿಗೆ ಸಸಿಗಳು ಬರುತ್ತವೆ. ಬಂದ ಹೊಸದರಲ್ಲಿ ಹೂವು ತುಂಬಿಕೊಂಡಿರುವ ಗಿಡಕ್ಕಿಂತ ಎರಡು ತಿಂಗಳು ಇಲ್ಲಿಯೇ ನಿಂತು ಹೊಸ ಚಿಗುರು ಬಿಟ್ಟ ಗಿಡಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು ಲಾಭ. ಹೂವನ್ನು ಬಿಟ್ಟು ಬುಡವನ್ನು ನೋಡಬೇಕು: ಕಸಿಯ ಗಂಟು ಬಿರುಕಿಲ್ಲದೆ ಕೂಡಿದೆಯೇ, ಗಂಟಿನ ಮೇಲಿನಿಂದ ಕನಿಷ್ಠ ಎರಡು ಟೊಂಗೆಗಳು ಹೊರಟಿವೆಯೇ, ಕಾಂಡವನ್ನು ಮೆಲ್ಲಗೆ ಅಲುಗಿಸಿದರೆ ಮಣ್ಣಿನ ಗಡ್ಡೆಯೂ ಜೊತೆಗೆ ಅಲುಗುತ್ತದೆಯೇ. ಅಲುಗದೆ ಕಾಂಡವೊಂದೇ ಓಲಾಡಿದರೆ ಬೇರು ಹಿಡಿದಿಲ್ಲವೆಂದೇ ಅರ್ಥ, ಬಿಟ್ಟುಬಿಡಬೇಕು. ಬೇರಿನ ಸುತ್ತ ಅಂಟು ಮಣ್ಣಿನ ಗಟ್ಟಿ ಉಂಡೆಯಿದ್ದರೆ ಹಾಗೆಯೇ ನೆಡಬಾರದು. ನಮ್ಮ ಬೇಸಿಗೆಯಲ್ಲಿ ಆ ಉಂಡೆ ಇಟ್ಟಿಗೆಯಂತೆ ಒಣಗಿದರೆ ಸುತ್ತಲ ಮಣ್ಣಿಗೆ ಎಷ್ಟು ನೀರು ಹಾಕಿದರೂ ಒಳಗೆ ಇಳಿಯುವುದಿಲ್ಲ. ಚೀಲವನ್ನು ಬಿಚ್ಚಿ, ಗಡ್ಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ತಾಸು ನೆನೆಸಿ, ಹೊರಮೈಯ ಮಣ್ಣನ್ನು ಬೆರಳಿನಿಂದ ಸಡಿಲಿಸಿ, ಬೇರು ಹರಿಯದಂತೆ ಸಂಜೆಯ ಹೊತ್ತು ನೆಟ್ಟು, ಮೊದಲ ಎರಡು ವಾರ ಪಡುವಣ ಮಗ್ಗುಲಿಗೆ ಒಂದು ಗೋಣಿಚೀಲದ ಮರೆ ಕಟ್ಟಬೇಕು.